ಕಪ್ಪು ಪಟ್ಟಿ ಕಟ್ಟಿಸಿಕೊಂಡ ಗಾಯಾಳು

ನನ್ನ ಪಕ್ಕದ ಮನೆಯ ಗೆಳೆಯನಷ್ಟು ಸಲ ಬೆಂಕಿಯಿಂದ ಪಾರಾದವನು ಮೂರು ಲೋಕದಲ್ಲೂ ಇಲ್ಲ. ಆದರೂ ಅವನ ಒಂದು ಕೂದಲೂ ಕೊಂಕಿರಲಿಲ್ಲ. ನಿಜಕ್ಕೂ ಬೆಂಕಿ ಬಿದ್ದರೆ ಜನ ಕಕ್ಕಾಬಿಕ್ಕಿಯಾಗಬಾರದು ಅಂತ ಅಗ್ನಿಶಾಮಕ ದಳದವರು ಪ್ರತಿವರ್ಷ ಮಾರುಕಟ್ಟೆ ಕಟ್ಟಡದಲ್ಲಿ ಅಣಕು ಕಾರ್ಯಾಚರಣೆ ನಡೆಸುತ್ತಿದ್ದರು. ಸುಳ್ಳು ಹೊಗೆ, ಸುಳ್ಳು ರಕ್ತ, ಸುಳ್ಳು ಗಾಯಾಳುಗಳು. ಅವರಲ್ಲಿ ಇವನೇ ಹೀರೋ. ಹೆಸರೇ ‘ಗಾಯಾಳು’ ಅಂತ ಬಿದ್ದುಹೋಗಿತ್ತು. ಇವನು ನರಳಿದರೆ ಅಂಗಡಿಯ ಸತ್ತ ಮೀನೂ ಕಣ್ಣೀರು ಹಾಕುತ್ತಿತ್ತು.

ಮೊದಲು ಸಿನಿಮಾ ಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುತ್ತಿದ್ದ. ಮಂದಿರ ಮುಚ್ಚಿತು, ಹೆಂಡತಿ ತೀರಿಕೊಂಡಳು. ಉಳಿದದ್ದು ಒಂದು ಕೋಣೆ, ಒಂದು ಸ್ಟವ್, ಒಂದು ತಟ್ಟೆ.

“ವರ್ಷಕ್ಕೊಂದಿನ ಯಾರೋ ಕೈ ಹಿಡಿದು ‘ನೋವಾಗ್ತಿದೆಯಾ’ ಅಂತ ಕೇಳ್ತಾರೆ ಕಣೋ. ಅಷ್ಟು ಸಾಕು,” ಅಂದಿದ್ದ.

ಎಲ್ಲ ನಿಂತಿದ್ದು ಮಣಿಕಟ್ಟಿಗೆ ಕಟ್ಟುವ ಪಟ್ಟಿಯ ಮೇಲೆ. ಕೆಂಪು ಕಟ್ಟಿಸಿಕೊಂಡವರನ್ನು ಮೊದಲು ಹೊರಬೇಕು. ಕಪ್ಪು ಅಂದರೆ ಸತ್ತವನು, ಕೊನೆಗೆ ನೋಡಿದರಾಯಿತು. ಇವನಿಗೆ ಯಾವಾಗಲೂ ಕೆಂಪು. ಆ ವರ್ಷ ಹೊಸ ಅಧಿಕಾರಿ ಕಪ್ಪು ಕಟ್ಟಿಬಿಟ್ಟ.

“ತಾತ, ನೀವು ಸತ್ತಿದ್ದೀರಿ. ಯಾರಾದ್ರೂ ಬಂದು ಎತ್ತೋ ತನಕ ಏಳ್ಬಾರ್ದು.”

“ಸ್ವಲ್ಪ ನರಳ್ಲಾ ಸಾರ್?”

“ಸತ್ತವರು ನರಳ್ತಾರಾ?”

ನನ್ನದು ಮುರಿದ ಕಾಲಿನ ಪಾತ್ರ. ಹೊತ್ತು ಇಳಿಸಿದರು. ಚಪ್ಪಾಳೆ, ಭಾಷಣ, ಚಹಾ ಎಲ್ಲ ಆಯಿತು. ಬದುಕಿದವರನ್ನು ಉಳಿಸಿದ ಖುಷಿಯಲ್ಲಿ ಸತ್ತವನನ್ನು ಮರೆತು ಅವರ ಗಾಡಿ ಹೊರಟೇಹೋಯಿತು. ಗಾಯಾಳು ಬಿಟ್ಟಿ ಚಹಾ ಬಿಡುವ ಪೈಕಿಯಲ್ಲ. ಆದರೆ ಚಹಾದ ಹತ್ತಿರ ಅವನು ಕಾಣಲಿಲ್ಲ. ಕಾಲಿನ ಬ್ಯಾಂಡೇಜ್ ಸಮೇತ ಮೇಲಕ್ಕೆ ಓಡಿದೆ.

ಬಾಗಿಲೆಳೆದ ಅಂಗಡಿಗಳ ನಡುವೆ, ತಣ್ಣನೆ ನೆಲದ ಮೇಲೆ, ಕಣ್ಣು ಮುಚ್ಚಿ ಮಲಗಿದ್ದ.

“ಏಳೋ, ಮುಗೀತು. ಎಲ್ರೂ ಹೋದ್ರು.”

“ಗೊತ್ತು. ಗಾಡಿ ಸದ್ದು ಕೇಳಿಸ್ತು.”

“ಮತ್ತೆ ಎದ್ದು ಬರ್ಬಾರ್ದಿತ್ತಾ?”

“ಎತ್ತೋಕೆ ಬರ್ತಾರೆ ಅಂದಿದ್ರು.”

ರೆಪ್ಪೆಯ ಅಂಚು ಒದ್ದೆಯಾಗಿತ್ತು.

“ಸತ್ತವರು ಅಳ್ತಾರೇನೋ?”

“ಹೊಗೆ ಕಣೋ.”

ಬೆನ್ನು ಕೊಟ್ಟು ಕೂತೆ. “ಹತ್ತು, ಹೆಣವೇ.”

ಅವನನ್ನು ಹೊತ್ತು ಇಪ್ಪತ್ತು ಮಹಡಿ ಇಳಿದೆ. ಆ ಕಟ್ಟಡಕ್ಕೆ ಇದ್ದದ್ದು ಎರಡೇ ಮಹಡಿ ಅಂತ ನನ್ನ ಹೆಂಡತಿ ಈಗಲೂ ವಾದ ಮಾಡುತ್ತಾಳೆ. ಹೊತ್ತವನು ನಾನೋ, ಅವಳೋ?

ಕೆಳಗೆ ಬಂದು “ಇಳಿ” ಅಂದೆ.

“ಗೇಟಿನ ತನಕ.”

ಗೇಟು ಬಂತು. ನನ್ನ ಕುತ್ತಿಗೆ ಬಿಡಲಿಲ್ಲ.

“ನೋವಾಗ್ತಿದೆಯಾ ಅಂತ ನೀನು ಕೇಳ್ಲೇ ಇಲ್ವಲ್ಲೋ.”

“ನೋವಾಗ್ತಿದೆಯಾ?”

“ಹೂಂ,” ಅಂದ.

ಆಮೇಲೆ ಇಳಿ ಅನ್ನಲಿಲ್ಲ ನಾನು. ಅವನ ಕೋಣೆಯ ಬೀಗ ತೆಗೆಯುವುದಕ್ಕೆ ಮಾತ್ರ ಇಳಿಸಿದೆ.