ತೊಟ್ಟಿಯ ನೀರಿನ ಮೇಲಿನ ಪದರ

ನಮ್ಮ ಜೀವಶಾಸ್ತ್ರದ ಮೇಡಂ ಅವರ ಬಲಗೈ ಬೆರಳ ತುದಿಗಳು ಯಾವಾಗಲೂ ನೇರಳೆ ಬಣ್ಣಕ್ಕಿರುತ್ತಿದ್ದವು. ಬ್ಯಾಕ್ಟೀರಿಯಾ ಕಾಣಲೆಂದು ಹಾಕುವ ಬಣ್ಣ ಅದು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಮಾನ್ವಿಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಅವರದೊಂದು ಗಾಜಿನ ಬಟ್ಟಲಿತ್ತು. ಅದರೊಳಗಿನ ದ್ರವದ ಮೇಲೆ ಸುಕ್ಕುಗಟ್ಟಿದ ಬಿಳಿ ಪದರ. ಅದರ ಮೇಲೆ ನೀರು ಬಿಟ್ಟರೆ ಹನಿ ಇಂಗದೆ ಮಣಿಯಂತೆ ದುಂಡಗೆ ನಿಲ್ಲುತ್ತಿತ್ತು.

“ಇದು ಕೆನಿ ಅಲ್ಲ, ಮನಿ. ಬ್ಯಾಕ್ಟೀರಿಯಾ ಕೂಡಿ ಕಟ್ಟಿದ್ದು,” ಎನ್ನುತ್ತಿದ್ದರು. “ಅವು ಬಿಡೋ ಪ್ರೋಟೀನು ನೀರಿನ ಮ್ಯಾಲ ಬಂದು, ಗಾಳಿ ತಾಕಿದ ಕೂಡ್ಲೇ ನೀರು ಅಂದ್ರ ಆಗದ ತಮ್ಮ ಮಾರಿ ಹೊರಗ ಹಾಕಿ ಸಾಲಾಗಿ ನಿಂದರ್ತಾವ. ಅದೇ ಈ ಮನಿಗಿ ಮಾಳಗಿ. ಹನಿ ನೀರೂ ಒಳಗ ಇಳಿಯಂಗಿಲ್ಲ.”

ಎರಡನೆಯ ವರ್ಷ ಹಾಸ್ಟೆಲಿನ ನೀರಿನ ತೊಟ್ಟಿಯಲ್ಲಿ ಅಂಥದೇ ಪದರ ಕಂಡೆ. ಬೆರಳಿಟ್ಟರೆ ಸುಕ್ಕಾಯಿತು. ಯಾರಿಗೂ ಹೇಳಲಿಲ್ಲ. ದೂರು ತಂದವರನ್ನು ಊರಿಗೆ ಕಳಿಸಿಬಿಡುತ್ತೇನೆಂದು ವಾರ್ಡನ್ ಗದರಿಸುತ್ತಿದ್ದರು. ನಾಲ್ಕನೆಯ ದಿನ ಬೆಳಿಗ್ಗೆ, ನನ್ನ ರೂಮಿನ ಗೆಳತಿ, ಹಿರೇಕೊಟ್ನೆಕಲ್‌ನವಳು, ವಾಂತಿಭೇದಿಯಿಂದ ಬಚ್ಚಲ ಬಾಗಿಲಲ್ಲೇ ಕುಸಿದಳು. ಕೈ ಮುಟ್ಟಿದರೆ ತಣ್ಣಗಿತ್ತು. ಚಪ್ಪಲಿಯೂ ಇಲ್ಲದೆ ಮೇಡಂ ಮನೆಗೆ ಓಡಿದೆ.

ಅವಳನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಮೇಡಂ ನನ್ನೊಡನೆ ತೊಟ್ಟಿಯ ಬಳಿ ಬಂದರು. ವಾರ್ಡನ್ ಬ್ಲೀಚಿಂಗ್ ಪುಡಿ ಎರಚಿದ್ದರು. ಪುಡಿ ಪದರದ ಮೇಲೆಯೇ ಕುಳಿತಿತ್ತು.

“ಇದೇ ಕಾರಣ ಅಂತ ಹೇಳಾಕ ಬರಂಗಿಲ್ರೀ,” ಎಂದರು ಮೇಡಂ ವಾರ್ಡನ್‌ಗೆ. “ಆದ್ರ ಇದರೊಳಗ ಏನೇನು ಅಡಗ್ಯಾವೋ ಯಾರಿಗೆ ಗೊತ್ತು? ಪೂರಾ ಖಾಲಿ ಮಾಡ್ಸಿ ಗೋಡಿ ತಿಕ್ಕಿಸ್ರಿ. ಅಲ್ಲೀತನಕ ಒಬ್ಬ ಹುಡುಗಿನೂ ಈ ನೀರು ಕುಡೀಬಾರದು.”

ವಾರ್ಡನ್ ಆಳುಗಳನ್ನು ಕರೆಯಲು ಹೋದರು. ಮೇಡಂ ಕಡ್ಡಿಯಿಂದ ಪದರವನ್ನು ಎತ್ತಿದರು. ಅದು ಒದ್ದೆ ಬಟ್ಟೆಯಂತೆ ಜೋತುಬಿತ್ತು.

“ಯಾವಾಗಿಂದ ಅದ ಇದು?”

“ಇವತ್ತೇ ಕಂಡೆ, ಮೇಡಂ.”

“ಒಂದು ದಿನದಾಗ ಇಷ್ಟು ದಪ್ಪ ಆಗಂಗಿಲ್ಲ, ಯವ್ವಾ.”

ಮೇಡಂ ಕಡ್ಡಿ ಕೆಳಗಿಟ್ಟು ನನ್ನ ಹೆಗಲ ಮೇಲೆ ಕೈಯಿಟ್ಟರು. “ನನಗೂ ಅಂಜಿಕಿ ಆಗ್ಯದ. ಅಂಜಿಕಿ ಆದ್ರ ಮೊದಲು ಬಾಯಿ ಬಿಡು. ಆಮ್ಯಾಲ ಅಂಜು,” ಎಂದರು.

ಮೂತ್ರವೇ ಆಗುತ್ತಿಲ್ಲವೆಂದು ಸಂಜೆ ಗೆಳತಿಯನ್ನು ರಾಯಚೂರಿಗೆ ಸಾಗಿಸಿದರು. ಮೇಡಂ ಜೊತೆಗೆ ಹೋದರು. ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ಫೋನ್ ಸದ್ದಾದಾಗಲೆಲ್ಲ ಅವಳು ಹೋದಳೆಂದೇ ಅಂದುಕೊಳ್ಳುತ್ತಿದ್ದೆ. ಮೂರನೆಯ ದಿನ ಮೇಡಂ ದನಿ ಕೇಳಿತು: “ಎದ್ದು ಕುಂತಾಳ. ಗಂಜಿ ಕುಡದಾಳ.” ನಾನು ಬಿಕ್ಕಿ ಬಿಕ್ಕಿ ಅತ್ತೆ. ನನ್ನ ಸುಳ್ಳಿನ ವಿಷಯ ಅವರು ಮತ್ತೆಂದೂ ಎತ್ತಲಿಲ್ಲ.

ಈಗ ನಾನು ದೇವದುರ್ಗದಲ್ಲಿ ವಿಜ್ಞಾನದ ಶಿಕ್ಷಕಿ. ಕಳೆದ ವರ್ಷ ಮೇಡಂ ತೀರಿಕೊಂಡರು. ಸುದ್ದಿ ತಿಳಿದ ದಿನ ಗೆಳತಿಗೆ ಫೋನ್ ಮಾಡಿ, ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಹೇಳಿದೆ: “ನೀ ಬೀಳೋ ಮೂರು ದಿನ ಮೊದಲೇ ಆ ನೀರಿನ ಪದರ ನೋಡಿದ್ದೆ ಲೇ.”

ಅತ್ತ ಕಡೆ ಅವಳು ಬಾಗಿಲು ಮುಚ್ಚಿಕೊಂಡ ಸದ್ದಾಯಿತು.

“ನಾನೂ ನೋಡಿದ್ದೆ. ನಿನಗಾದ್ರೂ ಹೇಳಬೇಕಿತ್ತು, ಅಂಜಿ ಸುಮ್ಮನಾದೆ,” ಎಂದಳು. “ಆಸ್ಪತ್ರಿಯೊಳಗ ಮೇಡಂ ಮುಂದ ಅಳಕೋಂತ ಹೇಳಿದ್ದೆ.”

ಮೇಡಂ ಇಬ್ಬರ ಗುಟ್ಟನ್ನೂ ಬಲ್ಲವರಾಗಿದ್ದರು. ನಾವಾಗಿಯೇ ಬಾಯಿ ಬಿಡಲೆಂದು, ಕೊನೆಯವರೆಗೂ ಒಬ್ಬಳದನ್ನು ಇನ್ನೊಬ್ಬಳಿಗೆ ಹೇಳಿರಲಿಲ್ಲ.