ಬನಹಟ್ಟಿಯ ರಾಮಣ್ಣ ಬದಲಿಸಿದ ಗಾಡಿಗಳು

ಬನಹಟ್ಟಿಯ ರಾಮಣ್ಣ ಮನುಷ್ಯರನ್ನು ಬೈದದ್ದು ಕಡಿಮೆ. ಅವನ ಬೈಗುಳವೆಲ್ಲ ಗಾಡಿಗಳ ಪಾಲಿಗೆ ಮೀಸಲಾಗಿತ್ತು. ಕೆಲವೇ ವರ್ಷಗಳಲ್ಲಿ ಅವನು ಮೂರು ಡೀಸೆಲ್ ಪಿಕಪ್ ಬದಲಿಸಿದ. ಮೂರೂ ಬೇರೆ ಬೇರೆ ಕಂಪನಿಯವು. ಕಂಪನಿಯ ಹೆಸರೆತ್ತಿದರೆ ಅವನ ಮುಖ ಕೆಂಪಾಗುತ್ತಿದ್ದುದರಿಂದ ಮನೆಯಲ್ಲಿ ಅವನ್ನು ಬಣ್ಣದಿಂದಲೇ ಕರೆಯುತ್ತಿದ್ದರು: ಬಿಳಿದು, ಬೂದಿ ಬಣ್ಣದ್ದು, ಕೆಂಪದು.

ರಾಮಣ್ಣನದು ನೇಕಾರರ ಮನೆತನ. ಅಪ್ಪ ಹಾಕಿಸಿದ ಪವರ್‌ಲೂಮುಗಳು ಮನೆಯ ಹಿಂಭಾಗದಲ್ಲಿ ಈಗಲೂ ಓಡುತ್ತವೆ. ನೇಯುತ್ತಿದ್ದಾಗ ಕರೆಂಟು ಹೋಗಿ ಬಂದರೆ ಮಗ್ಗ ನಿಂತಲ್ಲಿ ಸೀರೆಯ ಮೈಮೇಲೆ ಅಡ್ಡಗೆರೆ ಬೀಳುತ್ತದೆ, ವ್ಯಾಪಾರಿ ಆ ಸೀರೆಯನ್ನು ಬದಿಗೆ ಎತ್ತಿಡುತ್ತಾನೆ. ಆ ಗೆರೆ ನೋಡಿ ನೋಡಿ ತಲೆಕೆಟ್ಟು, ಮುಧೋಳದಲ್ಲಿ ಮುಚ್ಚಿಹೋದ ಎಣ್ಣೆ ಗಿರಣಿಯೊಂದರ ದೊಡ್ಡ ಜನರೇಟರನ್ನು ರಾಮಣ್ಣ ತಂದ. ಪಕ್ಕದ ಮನೆಯವರು ಮದುವೆಗೆಂದು ಒಂದು ದಿನ ಅದನ್ನು ಕೇಳಿ ಒಯ್ದರು. ಮರುವಾರ ಇನ್ನೊಬ್ಬರು ಬಂದರು. ಹೀಗೆ ಬಾಡಿಗೆಯ ಕೆಲಸ ತಾನಾಗಿಯೇ ಶುರುವಾಯಿತು. ಜನರೇಟರನ್ನು ಎರಡು ಗಾಲಿಯ ಟ್ರಾಲಿಗೆ ಕೂರಿಸಿ, ಹಿಂದೆ ಕಟ್ಟಿಕೊಂಡು ಅವನು ಊರೂರು ತಿರುಗತೊಡಗಿದ. ಜಮಖಂಡಿಯಲ್ಲಿ ಮದುವೆ, ಬೀಳಗಿಯಲ್ಲಿ ಸಭೆ, ಲೋಕಾಪುರದಲ್ಲಿ ಗೃಹಪ್ರವೇಶ.

ಅವನ ಹೆಂಡತಿ ಅನಸವ್ವ ಪ್ರತಿ ಸಲವೂ ಜೊತೆಗಿರುತ್ತಿದ್ದಳು. ಮಂಟಪಕ್ಕೆ ವೈರು ಎಳೆಯುವುದು, ಕರೆಂಟು ಹೋದ ಕ್ಷಣ ಲೈನು ಬದಲಿಸುವುದು ಅವಳ ಕೆಲಸ. ಡೆಕೋರೇಶನ್ನಿನವರು ಸಿಕ್ಕಸಿಕ್ಕಲ್ಲಿ ದೀಪ ಸಿಕ್ಕಿಸಿದಾಗ ಸಮಾಧಾನದಿಂದ ಮಾತಾಡಿ ಬಿಡಿಸುವವಳೂ ಅವಳೇ. ಸ್ವಿಚ್ಚಿನ ಪ್ಯಾನೆಲ್ಲು ಅವಳ ಕೈಗೆ ಹತ್ತಿರವಿರಲಿ, ಪಿಕಪ್ಪಿನಲ್ಲಿ ತುಂಬಿದ ವೈರಿನ ಸುರುಳಿಗಳನ್ನು ದೂರ ಹೊರುವುದು ಬೇಡ ಎಂದು ರಾಮಣ್ಣ ಪ್ಯಾನೆಲ್ಲಿನ ತುದಿ ಮುಂದಕ್ಕೆ ಬರುವಂತೆ ಜನರೇಟರನ್ನು ಕೂರಿಸಿದ್ದ. ಇಂಜಿನ್ನು ಹಿಂದಕ್ಕೆ ಹೋಗಿತ್ತು. ಟ್ರಾಲಿಯ ಮೂಕಿ, ಅಂದರೆ ಪಿಕಪ್ಪಿನ ಹುಕ್ಕಿಗೆ ಸಿಕ್ಕಿಸುವ ಮುಂದಿನ ಕಂಬಿ, ಎಷ್ಟು ಹಗುರವಾಗಿತ್ತೆಂದರೆ ಅವನು ಅದನ್ನು ಒಂದೇ ಕೈಯಲ್ಲಿ ಎತ್ತಿ ಜನರಿಗೆ ತೋರಿಸುತ್ತಿದ್ದ.

ಮೊದಲು ಬಂದದ್ದು ಬಿಳಿ ಗಾಡಿ. ಊರೊಳಗೆ ಅದು ಆಕಳಿನಂತೆ ಇರುತ್ತಿತ್ತು. ದೊಡ್ಡ ರಸ್ತೆಗೆ ಬಂದು ಸ್ವಲ್ಪ ಜೋರು ಮಾಡಿದರೆ ಹಿಂದಿನ ಟ್ರಾಲಿ ಬಾಲ ಬೀಸಿದಂತೆ ಅತ್ತಿತ್ತ ಹೊಯ್ದಾಡಿ ಪಿಕಪ್ಪನ್ನೂ ಎಳೆದಾಡುತ್ತಿತ್ತು. ಸ್ಟೇರಿಂಗು ಕೈಯಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ಸಡಿಲಾಗುತ್ತಿತ್ತು. ರಾಮಣ್ಣ ಪಿಕಪ್ಪಿನ ಹಿಂದಿನ ಸ್ಪ್ರಿಂಗಿನ ಪಾಟಿಗೆ ಒಂದು ಪಟ್ಟಿ ಹೆಚ್ಚು ಹಾಕಿಸಿದ, ಟಯರು ಬದಲಿಸಿದ. ಏನೂ ಆಗಲಿಲ್ಲ.

“ಇದು ಜಗ್ಗೂ ಗಾಡೀನ ಅಲ್ಲ. ಕಾಯಿಪಲ್ಯ ಹೇರೂ ಗಾಡಿ,” ಎಂದು ಚಹದಂಗಡಿಯಲ್ಲಿ ಎಲ್ಲರ ಮುಂದೆ ತೀರ್ಪು ಕೊಟ್ಟ.

“ಟ್ರ್ಯಾಕ್ಟರ್‌ಗೆ ಕಟ್ಟಪಾ,” ಎಂದರು ಅಲ್ಲಿದ್ದವರು.

“ಕಬ್ಬಿನ ಹಂಗಾಮಿನ್ಯಾಗ ಟ್ರ್ಯಾಕ್ಟರ್ ಎಲ್ಲಿ ಸಿಗ್ತಾವು? ಎಲ್ಲಾ ಸಮೀರವಾಡಿ ಸಕ್ಕರಿ ಫ್ಯಾಕ್ಟರಿ ರಸ್ತೇಕ ಸಾಲ ಹಚ್ಚಿ ನಿಂತಿರ್ತಾವು. ಸಿಕ್ಕರೂ ಬೀಳಗಿ ಮುಟ್ಟೂದ್ರಾಗ ಮದುವಿ ಮುಗದು ಜನ ಕೈ ತೊಳಕೊಂಡು ಹೋಗಿರ್ತಾರ,” ಎಂದು ರಾಮಣ್ಣ ರೇಗಿದ.

ಬೆಳಗಾವಿಗೆ ಹೋಗಿ ಬಿಳಿದನ್ನು ಕೊಟ್ಟು, ಇನ್ನೊಂದು ಕಂಪನಿಯ ಬೂದಿ ಬಣ್ಣದ ಗಾಡಿ ತಂದ. ಉದ್ದನೆಯ, ದೊಡ್ಡ ಇಂಜಿನ್ನಿನ ಗಾಡಿ ಅದು. ಹುಕ್ಕಿನ ಎತ್ತರ ಬೇರೆ ಇದ್ದುದರಿಂದ ಮತ್ತೆ ಕತ್ತರಿಸಿ, ಮತ್ತೆ ವೆಲ್ಡಿಂಗ್ ಮಾಡಿಸಬೇಕಾಯಿತು. ಹೊಸ ಗಾಡಿ ಹೆಚ್ಚು ಜೋರು ಓಡುತ್ತಿತ್ತು, ಹಾಗಾಗಿ ಟ್ರಾಲಿ ಇನ್ನೂ ಹೆಚ್ಚು ಹೊಯ್ದಾಡುತ್ತಿತ್ತು.

ಜಮಖಂಡಿಯ ವಕೀಲ ಪ್ರಹ್ಲಾದರಾಯರ ಮಗಳು ಮೃಣ್ಮಯಿಯ ಮದುವೆಯ ದಿನ ಆಗಬಾರದ್ದು ಆಯಿತು. ಊರು ದಾಟಿ ಒಂದು ಇಳಿಜಾರಿನಲ್ಲಿ ಎದುರಿಗೆ ಬಸ್ಸು ಬಂತು. ರಾಮಣ್ಣ ಬದಿಗೆ ತೆಗೆದುಕೊಂಡದ್ದೇ ತಡ, ಟ್ರಾಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬೀಸಿತು. ಅನಸವ್ವ ಎರಡೂ ಕೈಯಿಂದ ಡ್ಯಾಶ್‌ಬೋರ್ಡು ಹಿಡಿದು ಕಣ್ಣು ಮುಚ್ಚಿದಳು. ಕಣ್ಣು ತೆರೆದಾಗ ಪಿಕಪ್ಪು ರಸ್ತೆಯಂಚಿನಲ್ಲಿ ಓರೆಯಾಗಿ ನಿಂತಿತ್ತು. ಹುಕ್ಕು ಕಿತ್ತು ಟ್ರಾಲಿ ಕಬ್ಬಿನ ಹೊಲಕ್ಕೆ ನುಗ್ಗಿ, ಜನರೇಟರು ಎರೆ ಮಣ್ಣಿನಲ್ಲಿ ಮೊಣಕಾಲುದ್ದ ಹೂತಿತ್ತು. ಇಬ್ಬರಿಗೂ ಪೆಟ್ಟಾಗಿರಲಿಲ್ಲ.

ಅಷ್ಟರಲ್ಲಿ ಪ್ರಹ್ಲಾದರಾಯರ ಫೋನು ಬಂತು.

“ರಾಮಣ್ಣ, ಎಲ್ಲಿ ಇದ್ದೀರಿ? ಇಲ್ಲಿ ಲೈಟ್ ಹೋಗ್ಯಾವ. ಭಟ್ಟರು ಬೆವತು ಮಂತ್ರ ಮರೀಲಿಕ್ಕೆ ಹತ್ಯಾರ.”

“ಜನರೇಟರ್ ಕಬ್ಬಿನ್ಯಾಗ ಐತ್ರಿ, ರಾಯರ.”

“ಏನಂದ್ರಿ?”

“ಕಬ್ಬಿನ ಹೊಲದಾಗ್ರಿ!” ಎಂದು ರಾಮಣ್ಣ ಕೂಗಿ, ಫೋನನ್ನು ಹೆಂಡತಿಯ ಕೈಗೆ ಕೊಟ್ಟು, ಹೋಗಿ ಬೂದಿ ಬಣ್ಣದ ಗಾಡಿಯ ಗಾಲಿಗೆ ಒದ್ದ. ಕಾಲಿಗೇ ನೋವಾಯಿತು. ಅದಕ್ಕೂ ಗಾಡಿಯನ್ನೇ ಬೈದ.

ಮುಹೂರ್ತ ಬೀಸಣಿಕೆಯ ಗಾಳಿಯಲ್ಲೇ ಮುಗಿಯಿತು. ಸಂಜೆ ರಾಯರ ಮನೆಗೆ ಹೋಗಿ ಕೈ ಮುಗಿದು ಬಂದವಳು ಅನಸವ್ವ. ರಾಮಣ್ಣ ಬಾಗಿಲಾಚೆಯೇ ನಿಂತಿದ್ದ.

ಆ ವಾರವೇ ಗಾಡಿಯನ್ನು ಲೋಕಾಪುರದ ಗಿರಿಮಲ್ಲಪ್ಪನಿಗೆ ಕೊಟ್ಟುಬಿಟ್ಟ. ಗಿರಿಮಲ್ಲಪ್ಪ ಅವನ ಶಾಲೆಯ ಕಾಲದ ಗೆಳೆಯ, ದಾಳಿಂಬೆ ವ್ಯಾಪಾರಿ. “ಇದರ ಹಿಂದ ಏನೂ ಕಟ್ಟಬ್ಯಾಡ, ಜೀವಾ ತಗೋತೈತಿ,” ಎಂದು ಹೇಳಿಯೇ ಚಾವಿ ಕೊಟ್ಟಿದ್ದ.

ಮೂರನೆಯದು ಕೆಂಪು ಗಾಡಿ. ಅದು ಬೆಟ್ಟವನ್ನೇ ಎಳೆಯುತ್ತದೆ ಎಂದು ಶೋರೂಮಿನವರು ಹೇಳಿದ್ದರು. ಇನ್ನೊಮ್ಮೆ ಹುಕ್ಕು, ಇನ್ನೊಮ್ಮೆ ವೆಲ್ಡಿಂಗ್. ಮೊದಲ ಸಲ ಮುಧೋಳದ ಕಡೆ ಹೊರಟಾಗಲೇ ಟ್ರಾಲಿ ಬಾಲ ಬೀಸಿತು. ರಾಮಣ್ಣ ಗಾಡಿ ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಹಣೆಯಿಟ್ಟ.

“ಎಲ್ಲಾ ಕಂಪನಿಯವ್ರೂ ಕೂಡೇ ನನ್ನ ಬೆನ್ನ ಹತ್ತ್ಯಾರ ನೋಡು,” ಎಂದ.

“ಅವ್ರಿಗೆ ಬ್ಯಾರೆ ಕೆಲಸ ಇಲ್ಲನ್ರಿ?” ಎಂದಳು ಅನಸವ್ವ. “ಹಳೂಕ ನಡೀರಿ, ಎತ್ತಿನಗತೆ ಸಾವಕಾಶ ಹೊಡೀರಿ. ನನಗ ಸಾಕಾಗೇತಿ.”

ಆಮೇಲೆ ಅವರು ಎತ್ತಿನ ಗಾಡಿಯ ಹಾಗೆಯೇ ಹೋಗತೊಡಗಿದರು. ಹಿಂದೆ ಬರುವ ಬಸ್ಸುಗಳು ಹಾರ್ನು ಹೊಡೆಯುತ್ತಿದ್ದವು. ಬೈಕಿನವರು ಹಾಯ್ದು ಮುಂದೆ ಹೋಗಿ ಹಿಂತಿರುಗಿ ನೋಡುತ್ತಿದ್ದರು. ಹತ್ತಿರದ ಊರಿಗೂ ಬೆಳ್ಳಂಬೆಳಗ್ಗೆ ಬಿಡಬೇಕಾಗುತ್ತಿತ್ತು. ರಾಮಣ್ಣನ ಸಿಟ್ಟು ದಿನವಿಡೀ ಕುದಿಯುತ್ತಿತ್ತು.

ಮಳೆಗಾಲ ಮುಗಿದು ಮದುವೆಗಳು ಮತ್ತೆ ಶುರುವಾಗುವ ಮುಂಚೆ ಜನರೇಟರಿನ ಇಂಜಿನ್ನು ಬಿಚ್ಚಿಸಬೇಕಾಗಿ ಬಂತು. ಜಮಖಂಡಿಯ ಅಪ್ಪಾಸಾಬನ ಗ್ಯಾರೇಜಿನಲ್ಲಿ ಬಿಟ್ಟರು. ಅಪ್ಪಾಸಾಬ ಇಡೀ ಜನರೇಟರನ್ನು ಟ್ರಾಲಿಯಿಂದ ಇಳಿಸಿ ಕೆಲಸ ಮಾಡಿದ. ವಾಪಸು ತರಲು ಹೋದ ದಿನ, ಬಾಡಿಗೆ ಕ್ರೇನು ಬಂದು ಅದನ್ನು ಎತ್ತಿ ಇಡುವ ಹೊತ್ತಿಗೆ, ರಾಮಣ್ಣ ರಸ್ತೆಯಾಚೆ ನಿಂತು ಕೆಂಪು ಗಾಡಿಯ ಶೋರೂಮಿನವರೊಡನೆ ಫೋನಿನಲ್ಲಿ ಜಗಳವಾಡುತ್ತಿದ್ದ. ಜಗಳ ಮುಗಿಸಿ ಬಂದು ನೋಡಿದರೆ ಕ್ರೇನು ಹೋಗಿಬಿಟ್ಟಿತ್ತು. ಜನರೇಟರು ಉಲ್ಟಾ ಕೂತಿತ್ತು. ಇಂಜಿನ್ನು ಮುಂದೆ, ಪ್ಯಾನೆಲ್ಲು ಹಿಂದೆ. ಬೋಲ್ಟುಗಳನ್ನೂ ಬಿಗಿದಾಗಿತ್ತು.

“ಅಪ್ಪಾಸಾಬ, ಇದೇನ ಮಾಡಿಯೋ ಮಾರಾಯಾ!”

“ಹೆಂಗ ಇಟ್ಟರೂ ಕರೆಂಟ್ ಅದ ಕೊಡ್ತೈತಲ್ರಿ,” ಎಂದ ಅಪ್ಪಾಸಾಬ, ಕೈ ಒರೆಸಿಕೊಳ್ಳುತ್ತ. “ಬೋಲ್ಟಿನ ತೂತು ಎರಡೂ ಕಡೆ ಒಂದ ಸಮ ಅದಾವು, ನಾ ಏನ ನೋಡ್ಲಿ? ಕ್ರೇನ್ ಇನ್ನ ನಾಳೀಗೆ ಸಿಗ್ತೈತಿ.”

ಮರುದಿನ ಬೀಳಗಿಯಲ್ಲಿ ಮದುವೆ ಇತ್ತು. ಕಾಯುವಂತಿರಲಿಲ್ಲ. ರಾಮಣ್ಣ ಅಪ್ಪಾಸಾಬನನ್ನು, ಕ್ರೇನಿನವನನ್ನು, ಕಂಡವರನ್ನೆಲ್ಲ ಶಪಿಸುತ್ತ ಟ್ರಾಲಿ ಕಟ್ಟಿಸಿದ. ಮೂಕಿ ಎತ್ತಲು ಈ ಸಲ ಗ್ಯಾರೇಜಿನ ಇಬ್ಬರು ಕೈ ಹಾಕಬೇಕಾಯಿತು. ಅದು ಕೂಡ ಅವನ ಸಿಟ್ಟಿಗೆ ಇನ್ನೊಂದು ಕಾರಣವಾಯಿತು.

ಜಮಖಂಡಿ ದಾಟಿ ಎಷ್ಟೋ ದೂರ ಬಂದಾದ ಮೇಲೆ ಅನಸವ್ವ ಕೇಳಿದಳು:

“ರೀ, ಇವತ್ತ ಎಷ್ಟು ಜೋರ ಹೊಂಟೀರಿ ಗೊತ್ತೈತೇನು?”

ಸಿಟ್ಟಿನ ಭರದಲ್ಲಿ ಅವನು ಸ್ಪೀಡಿನ ಮುಳ್ಳು ನೋಡಿರಲಿಲ್ಲ. ನೋಡಿದ. ಯಾವತ್ತೂ ಹೋಗದಷ್ಟು ಜೋರಾಗಿ ಹೋಗುತ್ತಿದ್ದ. ಟ್ರಾಲಿ ಹಿಂದೆ ಇದೆ ಎನ್ನುವುದೇ ಗೊತ್ತಾಗುತ್ತಿರಲಿಲ್ಲ.

“ರಸ್ತಾ ಛಲೋ ಮಾಡ್ಯಾರ,” ಎಂದ.

ಮುಂದೆ ರಸ್ತೆ ಕೆಟ್ಟಿತು. ಗುಂಡಿಗಳ ಮೇಲೆ ಪಿಕಪ್ಪು ಕುಣಿಯಿತು, ಟ್ರಾಲಿಯೂ ಕುಣಿಯಿತು, ಆದರೆ ಪಕ್ಕಕ್ಕೆ ಬೀಸಲಿಲ್ಲ. ಎದುರಿನಿಂದ ಒಂದು ಲಾರಿ ಬಂತು. ರಾಮಣ್ಣ ಬದಿಗೆ ತೆಗೆದುಕೊಂಡ. ಹಿಂದಿನದು ಗೆರೆ ಎಳೆದಂತೆ ಹಿಂಬಾಲಿಸಿತು.

ಅವನು ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದ. ಇಳಿದು ಹಿಂದೆ ಹೋಗಿ ಟ್ರಾಲಿಯನ್ನು ಸುತ್ತುಹಾಕಿದ. ಇಂಜಿನ್ನಿನ ಭಾರವೆಲ್ಲ ಈಗ ಗಾಲಿಗಳ ಮುಂದಕ್ಕೆ ಬಂದು ಹುಕ್ಕನ್ನು ಒತ್ತಿ ಹಿಡಿದಿತ್ತು. ಇಷ್ಟು ವರ್ಷ ಅದು ಹಿಂದೆ ಜೋತುಬಿದ್ದು, ಪಿಕಪ್ಪಿನ ಹಿಂಭಾಗವನ್ನು ಮೇಲಕ್ಕೆತ್ತುತ್ತಿತ್ತು. ಬಿಳಿ ಗಾಡಿಯದೂ ಬೂದಿ ಬಣ್ಣದ್ದೂ ತಪ್ಪಿರಲಿಲ್ಲ, ಈ ಕೆಂಪದರದೂ ಇಲ್ಲ. ಯಾವ ಗಾಡಿ ಕಟ್ಟಿದ್ದರೂ ಟ್ರಾಲಿ ಹೀಗೆಯೇ ಬಾಲ ಬೀಸುತ್ತಿತ್ತು.

ಅನಸವ್ವ ಇಳಿದು ಬಂದಳು. ಅವನು ಮೂಕಿಯನ್ನು ತೋರಿಸಿದ, ಇಂಜಿನ್ನನ್ನು ತೋರಿಸಿದ. ಹೇಳಲು ಹೋಗಿ ಮಾತು ಮೊದಲಿನಿಂದ ಶುರುಮಾಡಿದ, ಅರ್ಧಕ್ಕೆ ಬಿಟ್ಟ. ಅವಳಿಗೆ ಅಷ್ಟರಲ್ಲೇ ತಿಳಿದಿತ್ತು.

“ಅಂದ್ರ ಇಷ್ಟ ದಿನಾ ನೀವು ಬೈದದ್ದೆಲ್ಲಾ?”

“ಸುಮ್ನಿರು.”

“ಆ ಕಬ್ಬಿನ ಹೊಲಾ? ರಾಯರ ಮನಿ ಮದುವಿ?”

“ಸುಮ್ನಿರ್ತಿಯೋ ಇಲ್ಲೋ?”

ಅವಳು ಸೆರಗು ಬಾಯಿಗೊತ್ತಿ ನಗತೊಡಗಿದಳು. ನಗು ನಿಲ್ಲದೆ ಮರಕ್ಕೆ ಒರಗಿದಳು. ರಾಮಣ್ಣನಿಗೆ ನಗು ಬರಲಿಲ್ಲ. ಅವನು ಮೂಕಿಯ ಮೇಲೆ ಕೈಯಿಟ್ಟು ನಿಂತ. ಬೂದಿ ಬಣ್ಣದ ಗಾಡಿ ಅವನಿಗೆ ನಿಜವಾಗಿ ಇಷ್ಟವಾಗಿತ್ತು. ಅದರ ಸೀಟಿನಲ್ಲಿ ಬೆನ್ನುನೋವು ಬರುತ್ತಿರಲಿಲ್ಲ, ಏರಿನಲ್ಲಿ ಅದು ಎಂದೂ ಉಸಿರುಗಟ್ಟಿರಲಿಲ್ಲ.

ಅಲ್ಲಿಂದಲೇ ಗಿರಿಮಲ್ಲಪ್ಪನಿಗೆ ಫೋನು ಮಾಡಿದ.

“ಗಾಡಿ ಹೆಂಗೈತಿ ಲೇ?”

“ಯಾವುದು, ಆ ಜೀವಾ ತಗೊಳ್ಳೂದು? ಬಂಗಾರದಂಥಾ ಗಾಡಿ ಐತಿ. ದಾಳಿಂಬ್ರಿ ಟ್ರೇ ತುಂಬಿದ ಟ್ರಾಲಿ ಕಟ್ಕೊಂಡು ವಿಜಾಪುರಕ್ಕ ಹೋಗಿ ಬರ್ತೇನಿ. ನೀ ಕಟ್ಟಬ್ಯಾಡ ಅಂದಿದ್ದಿ, ನಾ ಕಟ್ಟೇ ನೋಡಿದ್ನಿ.”

“ವಾಪಸ್ ಕೊಡ್ತಿ? ನನ್ನ ಕೆಂಪದು ನೀ ತಗೋ.”

“ತಲಿ ಕೆಟ್ಟೈತೇನ ನಿನಗ?” ಎಂದು ಗಿರಿಮಲ್ಲಪ್ಪ ನಕ್ಕ. “ಮನ್ಯಾಗ ಎಲ್ಲಾರೂ ಆರಾಮ ಅದೀರಿಲ್ಲೋ?”

ಊರಿಗೆ ಬಂದ ಮೇಲೆ ಇನ್ನೊಂದು ಫಜೀತಿ ಕಾದಿತ್ತು. ಇಷ್ಟು ವರ್ಷ ತಾನು ತಪ್ಪು ಹೇಳಿದ್ದೆ ಎಂದು ಚಹದಂಗಡಿಯಲ್ಲಿ ಹೇಳಿಬಿಡುವುದೇ ಒಳ್ಳೆಯದು ಎಂದು ರಾಮಣ್ಣ ಸಂಜೆ ಹೋದ. ಭಾರ ಮುಂದಿದ್ದರೆ ಹೀಗೆ, ಹಿಂದಿದ್ದರೆ ಹಾಗೆ ಎಂದು ಕಪ್ಪಿನ ಕೆಳಗಿನ ಬಸಿ ಮತ್ತು ಬಿಸ್ಕೀಟು ಇಟ್ಟು ತೋರಿಸಿದ. ಕೂತಿದ್ದವರು ಕೇಳಿಸಿಕೊಂಡರು. ಕೊನೆಗೆ ಒಬ್ಬ ತಲೆಯಾಡಿಸಿದ.

“ಅದೆಲ್ಲಾ ಇರಲಿ. ಆದ್ರ ಬಿಳಿ ಗಾಡಿ ಜಗ್ಗಾಕ ಬರೂದಿಲ್ಲ. ಅದು ಕಾಯಿಪಲ್ಯದ ಗಾಡಿ.”

“ಅಲ್ಲೋ, ಅದನ್ನ ಹೇಳಿದಾಂವ ನಾನ! ಈಗ ಅಲ್ಲ ಅನ್ನಾಕತ್ತೇನಲ್ಲ!”

“ನೀ ಆವಾಗ ಓಡಿಸಿ ನೋಡಿ ಹೇಳಿದ್ದಿ. ಖರೇನ ಹೇಳಿದ್ದಿ,” ಎಂದ ಇನ್ನೊಬ್ಬ. “ನಮ್ಮ ಅಳಿಯಾನೂ ನಿನ್ನ ಮಾತ ಕೇಳಿ ಅದನ್ನ ಬಿಟ್ಟು ಬ್ಯಾರೆ ತಗೊಂಡ. ಈಗ ಬಿಳಿ ಗಾಡಿ ಕಂಪನಿಯವ್ರು ನಿನಗ ಏನರ ಕೊಟ್ಟು ಹಿಂಗ ಹೇಳಸಾಕತ್ತಾರೇನು?”

ರಾಮಣ್ಣ ಮೇಜು ಗುದ್ದಿದ. ಕಪ್ಪಿನ ಚಹ ಚೆಲ್ಲಿತು. ಅವನು ಬೈದಾಗ ಇಡೀ ಊರು ನಂಬಿತ್ತು. ಆ ಬೈಗುಳವನ್ನು ವಾಪಸು ತೆಗೆದುಕೊಳ್ಳಲು ಬಂದರೆ ಒಬ್ಬನೂ ಒಪ್ಪುತ್ತಿರಲಿಲ್ಲ. ಅವನ ಮಾತು ಅವನ ಕೈತಪ್ಪಿ ಬೇರೆಯವರ ಮಾತಾಗಿಬಿಟ್ಟಿತ್ತು. ಇನ್ನೂ ಸ್ವಲ್ಪ ವಾದಿಸಿ, ದನಿ ಬಿದ್ದುಹೋಗಿ, ಅರ್ಧ ಚಹ ಹಾಗೇ ಬಿಟ್ಟು ಮನೆಗೆ ಬಂದ.

“ನಂಬಿದ್ರೇನು?” ಎಂದಳು ಅನಸವ್ವ, ರೊಟ್ಟಿ ಬಡಿಯುತ್ತ.

“ಒಬ್ಬನೂ ಇಲ್ಲ.”

“ಬಿಡ್ರಿ. ಅವ್ರ ಗಾಡಿ ಅವ್ರು ಓಡಿಸ್ಕೋತಾರ.”

ಮರುದಿನ ಬೀಳಗಿಗೆ ಎಂದಿಗಿಂತ ತಡವಾಗಿ ಹೊರಟು, ಎಂದಿಗಿಂತ ಮೊದಲೇ ತಲುಪಿದರು. ಮಂಟಪದವರು ಇನ್ನೂ ಕುರ್ಚಿ ಇಳಿಸುತ್ತಿದ್ದರು. ಪ್ಯಾನೆಲ್ಲು ಈಗ ಟ್ರಾಲಿಯ ಹಿಂದಿನ ತುದಿಯಲ್ಲಿದ್ದುದರಿಂದ ವೈರಿನ ಸುರುಳಿಗಳನ್ನು ಪಿಕಪ್ಪಿನಿಂದ ಅಲ್ಲಿಯತನಕ ಹೊರಬೇಕಾಗಿತ್ತು. ಅನಸವ್ವ ಒಂದನ್ನು ಹೆಗಲಿಗೆ ಹಾಕಿಕೊಳ್ಳುವಷ್ಟರಲ್ಲಿ ರಾಮಣ್ಣ ಬಂದು ಅದನ್ನು ಕಸಿದುಕೊಂಡ. ಒಂದೊಂದಾಗಿ ಎಲ್ಲವನ್ನೂ ತಾನೇ ಹೊತ್ತು ಹಾಕಿದ. ಅವಳು ಪ್ಯಾನೆಲ್ಲಿನ ಬಳಿ ಕೂತು, ಮಂಟಪದಿಂದ ಯಾರೋ ಕಳಿಸಿದ ಉಪ್ಪಿಟ್ಟಿನ ತಟ್ಟೆಯಲ್ಲಿ ಅವನ ಪಾಲನ್ನು ಎತ್ತಿಟ್ಟಳು.