ಓದಿದರೆ ಅಳಿಯುವ ಗುರುತು

ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ನನ್ನ ಆಟ ಮೊದಲ ಪರದೆಯಲ್ಲೇ ನಿಂತುಬಿಟ್ಟಿತು. ಹಳೆಯ ಟಿವಿ ಗೇಮಿನ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಎಮ್ಯುಲೇಟರ್ ನನ್ನ ಕೊನೆಯ ವರ್ಷದ ಪ್ರಾಜೆಕ್ಟು. ಬುಧವಾರ ಪರೀಕ್ಷೆ, ಓಡದಿದ್ದರೆ ಒಂದು ವರ್ಷ ಹೋದಂತೆಯೇ. ಕೋಡು ಕಂಡಕಂಡಲ್ಲಿ ಚಿತ್ರ, ಸದ್ದು, ಗುಂಡಿಗಳ ಭಾಗಗಳನ್ನು ನೇರವಾಗಿ ಮುಟ್ಟುತ್ತಿತ್ತು. ಎಲ್ಲವೂ ಒಂದೇ ಫಂಕ್ಷನ್ ಮೂಲಕ ಹಾಯುವಂತೆ ಭಾನುವಾರ ತಿದ್ದಿದ್ದೆ. ಫ್ಲಾಪಿಯಲ್ಲಿ ಹಳೆಯ ಪ್ರತಿ ಇಟ್ಟುಕೊಂಡಿರಲಿಲ್ಲ. 

ಬಾಗಲಕೋಟೆಯ ನಮ್ಮ ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತಿದ್ದ ಸರ್ ಇಳಕಲ್ಲಿನ ನೇಕಾರರ ಮನೆಯವರು. ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಪಕ್ಕ ಕೂತು, "ಅವಸರ ಬ್ಯಾಡವಾ, ಎಳಿ ಹುಡುಕೂಣು" ಎಂದರು.

"ಎಲ್ಲಾ ಅಳಿಸಿ ಹೊಸದಾಗಿ ಬರೀತೇನ್ರಿ ಸರ್."

"ಒಂದ ಎಳಿ ಹರದ್ರ ಹಾಸೆಲ್ಲಾ ಕಿತ್ತ ಒಗಿತಾರೇನು? ನಮ್ಮಪ್ಪ ನಿನ್ನ ಮಗ್ಗದ ಹತ್ರ ಬಿಡ್ತಿರಲಿಲ್ಲ!"

ಆ ದಿನವೂ ಮರುದಿನವೂ "ಅವಸರ ಬ್ಯಾಡವಾ" ಎನ್ನುತ್ತಲೇ ನನ್ನ ತಿದ್ದುಪಡಿಗಳನ್ನು ಒಂದೊಂದಾಗಿ ಓದಿಸಿದರು. ಮಂಗಳವಾರ ಮಧ್ಯಾಹ್ನ ಅವರ ಬೆರಳು ಪರದೆಯ ಮೂಲೆಯಲ್ಲಿ ನಾನು ತೆರೆದಿಟ್ಟಿದ್ದ ಪುಟ್ಟ ಕಿಟಕಿಯತ್ತ ಹೋಯಿತು.

"ಈ ಕಿಟಕಿ ಯಾಕವಾ?"

"ಯಂತ್ರದೊಳಗ ಏನ್ ನಡದೈತಿ ನೋಡಾಕ್ರಿ."

"ಮುಚ್ಚು."

ಮುಚ್ಚಿದೆ. ಆಟ ಓಡಿತು! ಒಂದು ಚಿತ್ರ ಮುಗಿದಾಗ ಯಂತ್ರ ಒಂದು ಗುರುತು ಇಡುತ್ತದೆ; ಅದನ್ನು ಕಂಡರಷ್ಟೇ ಆಟ ಮುಂದೆ ಸಾಗುತ್ತದೆ, ಆದರೆ ಒಮ್ಮೆ ಓದಿದರೆ ಅದು ಅಳಿಸಿಹೋಗುತ್ತದೆ. ನನ್ನ ಕಿಟಕಿಯೂ ಹೊಸ ಫಂಕ್ಷನ್ನಿನಿಂದಲೇ ಓದಿ, ಆಟಕ್ಕಿಂತ ಮೊದಲೇ ಅದನ್ನು ಅಳಿಸುತ್ತಿತ್ತು. ಕಿಟಕಿಗೆಂದು, ಏನನ್ನೂ ಅಳಿಸದ ಬೇರೊಂದು ಫಂಕ್ಷನ್ ಬರೆದೆ.

ಬುಧವಾರ ಪರೀಕ್ಷಕರು ಪ್ರಶ್ನೆ ಮರೆತು ಮೂರು ಸಲ ಆಡಿ ಮೂರು ಸಲವೂ ಸೋತರು. "ಸಾಕ್ರಿ ಸರ್, ಹುಡುಗಿಗೆ ಮಾರ್ಕ್ಸ್ ಕೊಡ್ರಿ" ಎಂದು ನಮ್ಮ ಸರ್ ನಕ್ಕರು.

ಗುರುವಾರ ಅವರು ಲ್ಯಾಬಿಗೆ ಬಂದದ್ದೇ ಹನ್ನೊಂದಕ್ಕೆ. "ನಿನ್ನ ಪರೀಕ್ಷಿ ಚಿಂತ್ಯಾಗ ಎರಡ ರಾತ್ರಿ ಕಣ್ಣ ಹತ್ತಿರಲಿಲ್ಲವಾ," ಎಂದರು. "ನಿನ್ನೆ ಮಲಗಿದಾಂವ ಈಗ ಎದ್ದ ಬಂದೇನಿ."